ಪ್ಲಾಟ್‌ಫಾರಂ ಸಂತನ ಹಕ್ಕಿಗಳು

ಹಕ್ಕಿಗಳು ಯಾಕೆ ಕೂಗುತ್ತವೆ ಎಂಬುದು ಕಿವಿಡಾಕ್ಟರನಿಗೆ ಚೆನ್ನಾಗಿ ಗೊತ್ತಿತ್ತು. ಇದು ನನ್ನ ಕೊಂಬೆ, ಆಚೆ ತೊಲಗು ಎನ್ನುವುದಕ್ಕೆ ಕೂಗುತ್ತವೆ. ಇಲ್ಲವೇ, ಇಲ್ಲಿದ್ದೇನೆ ನೋಡೇ ಹೆಣ್ಣೇ ಎನ್ನುವುದಕ್ಕೆ ಕೂಗುತ್ತವೆ. ಒಂದು ಆಸ್ತಿಯ ಜಗಳ, ಇನ್ನೊಂದು ಮದುವೆಯ ಮಾತುಕತೆ. ಇವೆರಡನ್ನೂ ಕೇಳಬೇಕಾದರೆ ಅಕ್ಕಪಕ್ಕದ ಮನೆಗಳೇ ಸಾಕು, ಬೆಳಗ್ಗೆ ಎದ್ದು ಪಾರ್ಕಿಗೆ ಓಡಬೇಕಾಗಿಲ್ಲ. ಆದರೆ ಅವನ ಭಾವ ಪ್ರತಿ ಭಾನುವಾರ ಒಂದು ಹಿಂಡು ಜನರನ್ನು ಕಟ್ಟಿಕೊಂಡು ಪಾರ್ಕಿಗೆ ಹೋಗುತ್ತಿದ್ದರು. ಕೆರೆಯ ಪಕ್ಕದ ದೊಡ್ಡ ಮರದ ಕೆಳಗೆ ಅವರನ್ನೆಲ್ಲ ನಿಲ್ಲಿಸಿ, ಕಣ್ಣು ಮುಚ್ಚಿಸಿ, ಇದು ಪ್ರಾರ್ಥನೆ, ಇದು ಸ್ತೋತ್ರ, ಸೃಷ್ಟಿ ಎದ್ದು ಕೂತು ತನ್ನ ದೇವರಿಗೆ ಹಾಡುತ್ತಿದೆ ಎಂದು ಹೇಳುತ್ತಿದ್ದರು. ಕೇಳಿದವರು ಅಳುತ್ತಿದ್ದರು. ಅತ್ತು ಮುಗಿಸಿ ಮೂಗೊರೆಸಿಕೊಂಡು ಎಲ್ಲರೂ ಸೇರಿ ತಿಂಡಿಗೆ ಹೋಗುತ್ತಿದ್ದರು.

ಕಿವಿಡಾಕ್ಟರ ಡಾಕ್ಟರನೇನೂ ಅಲ್ಲ. ಔಷಧದ ಅಂಗಡಿಯ ಮೇಲಿನ ಮಹಡಿಯಲ್ಲಿ ಕಿವಿ ಪರೀಕ್ಷೆ ಮಾಡಿ ಕಿವಿ ಮೆಷಿನ್ ಕೂರಿಸುವವನು. ಜನ ಡಾಕ್ಟರೇ ಎಂದು ಕರೆದರು, ಅವನು ತಿದ್ದಲಿಲ್ಲ, ಹೆಸರು ಅಂಟಿಕೊಂಡಿತು. ಅಲ್ಲಿಗೆ ಬರುವ ಗಂಡಸರೆಲ್ಲ ಒಂದೇ ಅಚ್ಚಿನವರು. ಹೆಂಡತಿ ಹಿಂದಿನಿಂದ ತಳ್ಳಿಕೊಂಡು ಬಂದಿರುತ್ತಾಳೆ, ಗಂಡ ಕುರ್ಚಿಯ ತುದಿಯಲ್ಲಿ ಕೂತು, "ನನ್ನ ಕಿವಿ ಚೆನ್ನಾಗೇ ಇದೆ, ಇವಳೇ ಬಾಯೊಳಗೆ ಮಾತಾಡೋದು," ಎನ್ನುತ್ತಾನೆ. ಅವನ ಕಿವಿಯಿಂದ ಬಟಾಣಿ ಗಾತ್ರದ ಗುಗ್ಗೆ ತೆಗೆದು ತಟ್ಟೆಯಲ್ಲಿಟ್ಟು ತೋರಿಸಿದರೂ ಅದು ತನ್ನದಲ್ಲವೆನ್ನುವ ಮುಖ ಮಾಡುತ್ತಾನೆ. ಇಂಥವರನ್ನು ದಿನಾ ನೋಡಿ ನೋಡಿ ಕಿವಿಡಾಕ್ಟರನಿಗೆ ಮನುಷ್ಯಜಾತಿಯ ಮೇಲೆ ಇದ್ದ ಅಷ್ಟೋ ಇಷ್ಟೋ ಮರ್ಯಾದೆ ಯಾವತ್ತೋ ಹೊರಟುಹೋಗಿತ್ತು. ಇದ್ದ ಸ್ವಲ್ಪ ಪ್ರೀತಿಯನ್ನೆಲ್ಲ ಅವನು ಅಕ್ಕನೊಬ್ಬಳಿಗೆ ಕೂಡಿಟ್ಟಿದ್ದ. ಅಮ್ಮ ಬೇಗ ಹೋದಮೇಲೆ ತಲೆ ಬಾಚಿ, ಬೈದು, ಊಟ ಹಾಕಿ ಬೆಳೆಸಿದವಳು ಅವಳು.

ಅಂಥ ಅಕ್ಕ ಹೋಗಿ ಹೋಗಿ ಈ ಮನುಷ್ಯನನ್ನು ಕಟ್ಟಿಕೊಂಡಿದ್ದಳು. ಭಾವ ರೈಲ್ವೆ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಗಾಡಿ ಯಾವ ಪ್ಲಾಟ್‌ಫಾರಮಿಗೆ ಬರುತ್ತದೆ ಎಂದು ಹೇಳುವ ಕೆಲಸದಲ್ಲಿದ್ದರು. ಗಂಟಲು ಮಾತ್ರ ಗಂಟಲೇ. ಗಾಡಿ ತಡವಾಗಿ ಬರುತ್ತದೆ ಎಂದು ಅವರು ಹೇಳಿದರೆ ಕಾಯುತ್ತಿದ್ದವರಿಗೆ ಸಮಾಧಾನವಾಗುತ್ತಿತ್ತಂತೆ. ನಿವೃತ್ತಿಯಾದ ಮೇಲೆ ಆ ಗಂಟಲಿಗೆ ಕೆಲಸವಿಲ್ಲದೆ ಹೋಯಿತು. ಅದಕ್ಕೇ ಈಗ ಯಾವ ದೇವರು ಯಾವ ಕೊಂಬೆಗೆ ಬರುತ್ತಾನೆ ಎಂದು ಹೇಳಲು ಹೊರಟಿದ್ದಾರೆ ಎಂಬುದು ಕಿವಿಡಾಕ್ಟರನ ತೀರ್ಮಾನ. ಅವರಿಗೆ ಅವನು ಮನಸ್ಸಿನಲ್ಲೇ ಪ್ಲಾಟ್‌ಫಾರಂ ಸಂತ ಎಂದು ಹೆಸರಿಟ್ಟಿದ್ದ. ಹಿಂಬಾಲಕರು ಗುರುಗಳೇ ಎನ್ನುತ್ತಿದ್ದರು. ಅವರ ಪೈಕಿ ಒಬ್ಬಳು ದಂತವೈದ್ಯೆ, ಊರಿನ ಅರ್ಧದಷ್ಟು ಹಲ್ಲು ಕಿತ್ತವಳು. ಇನ್ನೊಬ್ಬ ಟೈಲ್ಸ್ ಅಂಗಡಿಯವನು, ಅಂಗಡಿಯಲ್ಲಿ ಗಿರಾಕಿಗಳ ಜೀವ ಹಿಂಡಿ ಪಾರ್ಕಿನಲ್ಲಿ ಗುಬ್ಬಿಗಾಗಿ ಕಣ್ಣೀರು ಹಾಕುವವನು.

ಸಾಲದ್ದಕ್ಕೆ ಸಂತರು ಮನೆಯಲ್ಲಿ ಮೌನ ಹಿಡಿದಿದ್ದರು. "ಮನುಷ್ಯರ ಮಾತು ಸಾಕಾಯ್ತು, ಇನ್ನೇನಿದ್ದರೂ ಸೃಷ್ಟಿಯ ದನಿ ಕೇಳೋದು," ಎಂದು ಘೋಷಿಸಿ ಕಿಟಕಿಯ ಪಕ್ಕದ ಕುರ್ಚಿ ಹಿಡಿದು ಕೂತುಬಿಟ್ಟಿದ್ದರು. ಅಕ್ಕ ಮಾತಾಡಿದರೆ ಮುಗುಳ್ನಗುತ್ತಿದ್ದರು. ಹಾಲು ಮುಗಿದಿದೆ ಎಂದರೂ ಮುಗುಳ್ನಗೆ, ತಲೆ ಸಿಡಿಯುತ್ತಿದೆ ಎಂದರೂ ಅದೇ ಮುಗುಳ್ನಗೆ. ಕಿವಿಡಾಕ್ಟರನಿಗೆ ಆ ಮುಗುಳ್ನಗೆಯ ಪರಿಚಯ ಚೆನ್ನಾಗಿತ್ತು. ಅವನ ಕುರ್ಚಿಯಲ್ಲಿ ಕೂತು ಕೇಳಿಸದ ಪ್ರಶ್ನೆಗೆ ತಲೆಯಾಡಿಸುವ ಗಂಡಸರ ಮುಖದಲ್ಲೆಲ್ಲ ಅದಿರುತ್ತದೆ. ಭಾವನಿಗೆ ಕಿವಿ ಕೇಳಿಸುತ್ತಿಲ್ಲ ಎಂದು ಅವನಿಗೆ ಅನುಮಾನ ಬಂದದ್ದು ಹಾಗೆ. ಕಿವುಡಿಗೆ ಮೌನದ ಮುಸುಕು ಹಾಕಿ ಅದನ್ನೇ ತಪಸ್ಸು ಎಂದು ಊರಿಗೆಲ್ಲ ಮಾರುತ್ತಿದ್ದಾರಲ್ಲ ಎಂದು ಮೈ ಉರಿಯಿತು.

ಒಂದು ಮಧ್ಯಾಹ್ನ ಅಕ್ಕ ಅಂಗಡಿಗೆ ಬಂದಳು. ಕೆಳಗಡೆ ಮಾತ್ರೆ ತೆಗೆದುಕೊಂಡು, ತಮ್ಮನನ್ನೂ ನೋಡಿ ಹೋಗೋಣ ಎಂದು ಮೆಟ್ಟಿಲು ಹತ್ತಿದ್ದಳು. ಅವನು ಗುಲಾಬಿ ಬಣ್ಣದ ಮೇಣ ಕಲಸಿ ಯಾರದೋ ಕಿವಿಯ ಅಚ್ಚು ತೆಗೆದಿದ್ದ, ಅದರ ಅಂಚು ಉಜ್ಜುತ್ತಿದ್ದ.

"ಹೇಗಿದ್ದಾರೆ ನಿಮ್ಮ ಸಂತರು?" ಎಂದ.

"ಏನು ಹೇಳಲಿ ಮಾರಾಯ. ಇವರ ಹತ್ತಿರ ಮಾತಾಡೋದೂ ಒಂದೇ, ಗೋಡೆ ಹತ್ತಿರ ಮಾತಾಡೋದೂ ಒಂದೇ. ಗೋಡೆಯಾದ್ರೂ ಕಾಫಿ ಕೇಳಲ್ಲ," ಎಂದು ಅಕ್ಕ ನಕ್ಕಳು.

ಅವಳು ನಕ್ಕಿದ್ದಳು, ಅದು ನಿಜ. ಆದರೆ ಕಿವಿಡಾಕ್ಟರನಿಗೆ ನಗು ಕಾಣಲಿಲ್ಲ, ಗೋಡೆ ಮಾತ್ರ ಕಾಣಿಸಿತು. ಅಕ್ಕ ಬಾಯಿಬಿಟ್ಟು ಹೇಳದ ನೋವು ಇದು, ತಾನು ಬಿಟ್ಟರೆ ಇವಳಿಗೆ ಇನ್ಯಾರಿದ್ದಾರೆ ಎಂದುಕೊಂಡ. ಆ ಮನುಷ್ಯನ ಕಿವಿಗೆ ಮೆಷಿನ್ ತುರುಕಿಯಾದರೂ ಅಕ್ಕನ ಮಾತು ಕೇಳುವಂತೆ ಮಾಡುತ್ತೇನೆ ಎಂದು ಅಲ್ಲೇ ನಿರ್ಧರಿಸಿದ. ಅಕ್ಕನಿಗೆ ಏನು ಬೇಕು ಎಂದು ವಿಚಾರಿಸುವುದು ಅವನಿಗೆ ಹೊಳೆಯಲಿಲ್ಲ. ಗಿರಾಕಿಗಳಿಗೆ ಏನು ಬೇಕು ಎಂಬುದು ಅವರಿಗಿಂತ ಮೊದಲು ತನಗೆ ಗೊತ್ತಾಗುತ್ತದೆ ಎಂಬ ಹೆಮ್ಮೆ ಅವನಿಗೆ ಯಾವಾಗಲೂ ಇತ್ತು.

ಮುಂದಿನ ಭಾನುವಾರ ಅವನು ಪಾರ್ಕಿಗೆ ಹೋದ. ಅಕ್ಕನಿಗೆ ಆಶ್ಚರ್ಯವೋ ಆಶ್ಚರ್ಯ. "ಸೂರ್ಯ ಎಲ್ಲಿ ಹುಟ್ಟಿದ ಇವತ್ತು?" ಎಂದಳು. ಅವನು ಹಿಂದಿನ ಸಾಲಿನಲ್ಲಿ ನಿಂತು ತಮಾಷೆ ನೋಡಿದ. ಭಾವ ಮರದ ಬುಡದಲ್ಲಿ ಬಿಳಿ ಅಂಗಿ ತೊಟ್ಟು, ತಲೆ ಸ್ವಲ್ಪ ಎತ್ತಿ, ಕಣ್ಣು ಮುಚ್ಚಿ ನಿಂತಿದ್ದರು. ಅಕ್ಕ ಪಕ್ಕದಲ್ಲೇ ನಿಂತು ಅವರ ಮುಂದೋಳು ಹಿಡಿದುಕೊಂಡಿದ್ದಳು. ಬೀಳದ ಹಾಗೆ ಹಿಡಿದುಕೊಳ್ಳಲು ಒಬ್ಬಳು ಬೇರೆ ಬೇಕು ಈ ಮಹಾತ್ಮನಿಗೆ ಎಂದು ಕಿವಿಡಾಕ್ಟರ ಹಲ್ಲು ಕಡಿದ.

"ಈಗ ಬಂತು," ಎಂದರು ಭಾವ, ನಿಲ್ದಾಣದ ಗಂಟಲಿನಲ್ಲಿ. "ಮೆಲ್ಲಗೆ ಮೆಟ್ಟಿಲು ಹತ್ತುತ್ತಿದೆ. ತುದಿಯಲ್ಲಿ ಒಂದು ಕ್ಷಣ ನಿಂತಿತು. ಈಗ ತಲೆಬಾಗುತ್ತಿದೆ. ಪುಟ್ಟ ಪ್ರಾಣಿ, ಅದಕ್ಕೆ ಕೇಳಿಕೊಳ್ಳೋಕೆ ಏನೂ ಇಲ್ಲ, ಬರೀ ಇದ್ದೇನೆ ಅಂತ ಹೇಳಿ ಕೈಮುಗಿಯುತ್ತಿದೆ."

ಹಕ್ಕಿ ನಿಜವಾಗಿಯೂ ಹಾಗೇ ಕೂಗಿತ್ತು. ಮೇಲೇರಿ, ನಿಂತು, ಇಳಿದಿತ್ತು. ಕಿವಿಡಾಕ್ಟರ ಬೆಪ್ಪಾದ. ಅಷ್ಟು ಸಣ್ಣ ದನಿ ಈ ವಯಸ್ಸಿನ ಕಿವಿಗೆ, ಅದೂ ಲೌಡ್‌ಸ್ಪೀಕರಿನ ಕೆಳಗೆ ಜೀವಮಾನ ಕಳೆದ ಕಿವಿಗೆ ಬೀಳುವುದುಂಟೆ? ಪರೀಕ್ಷೆ ಮಾಡಿಯೇ ಬಿಡೋಣ ಎಂದು ಮರವನ್ನು ಬಳಸಿ ಭಾವನ ಬೆನ್ನ ಹಿಂದೆ ಹೋಗಿ ನಿಂತ. "ಭಾವಾ, ನಿಮ್ಮ ಪ್ಯಾಂಟು ಹಿಂದೆ ಹರಿದಿದೆ," ಎಂದು ಮೆತ್ತಗೆ ಉಸುರಿದ. ಪಕ್ಕದಲ್ಲಿದ್ದ ಟೈಲ್ಸ್ ಅಂಗಡಿಯವನು ಗಾಬರಿಯಾಗಿ ತನ್ನ ಪ್ಯಾಂಟು ಮುಟ್ಟಿ ನೋಡಿಕೊಂಡ. ಭಾವ ಮಾತ್ರ ಮಿಸುಕಲಿಲ್ಲ.

ಅಲ್ಲಿಗೆ ಕಿವಿಡಾಕ್ಟರನಿಗೆ ಎಲ್ಲ ತಿಳಿದುಹೋಯಿತು, ಅಥವಾ ಹಾಗೆಂದು ಅವನು ತಿಳಿದ. ಈ ಮನುಷ್ಯ ಕಣ್ಣು ಪೂರ್ತಿ ಮುಚ್ಚುವುದೇ ಇಲ್ಲ, ರೆಪ್ಪೆಯ ಸಂದಿಯಿಂದ ಎದುರಿಗಿರುವವರ ಮುಖ ನೋಡುತ್ತಾನೆ. ದಂತವೈದ್ಯೆಯ ಹುಬ್ಬು ಮೇಲೇರಿದರೆ ಹಕ್ಕಿ ಮೇಲೇರಿತು ಎನ್ನುತ್ತಾನೆ, ಇಳಿದರೆ ತಲೆಬಾಗಿತು ಎನ್ನುತ್ತಾನೆ. ಇಷ್ಟು ಜನರ ಕಿವಿಗೆ ಹೂವಿಡುವುದರಲ್ಲಿ ಎತ್ತಿದ ಕೈ! ತನ್ನ ಜಾಣತನವನ್ನು ತಾನೇ ಮೆಚ್ಚಿಕೊಂಡು ಅವನು ಮನೆಗೆ ಹೋದ.

ವಾರದ ಮಧ್ಯೆ ಭಾವನ ಮನೆಗೆ ಹೋಗಿ, ಅಕ್ಕ ಅಡುಗೆಮನೆಯಲ್ಲಿದ್ದಾಗ ಅವರ ಎದುರಿಗೆ ಕೂತು, ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದ. "ಭಾವಾ, ಶನಿವಾರ ಅಂಗಡಿಗೆ ಬನ್ನಿ. ಬರದೇ ಇದ್ರೆ ಆ ಹಲ್ಲಿನ ಡಾಕ್ಟರಮ್ಮನಿಗೆ ನಿಮ್ಮ ಕಿವಿ ವಿಷಯ ಹೇಳ್ತೀನಿ." ಮುಗುಳ್ನಗೆ ಅಲ್ಲೇ ಒಣಗಿತು. ಇಂಥದ್ದನ್ನು ಬೆದರಿಕೆ ಎನ್ನುತ್ತಾರೆ, ಆದರೆ ಕಿವಿಡಾಕ್ಟರ ಅದನ್ನು ಉಪಕಾರ ಎಂದುಕೊಂಡಿದ್ದ.

ಶನಿವಾರ ಸಾಯಂಕಾಲ ಭಾವ ಬಂದರು, ಕಳ್ಳನ ಹಾಗೆ, ಕೆಳಗಡೆ ಔಷಧದ ಅಂಗಡಿಗೆ ಬಂದವರಂತೆ ನಟಿಸುತ್ತ. ಕಿವಿಡಾಕ್ಟರ ಅವರನ್ನು ಗಾಜಿನ ಬೂತಿನೊಳಗೆ ಕೂರಿಸಿ ಹೆಡ್‌ಫೋನ್ ಹಾಕಿದ. ಸದ್ದು ಕೇಳಿಸಿದ ಕೂಡಲೇ ಕೈಯಲ್ಲಿರುವ ಗುಂಡಿ ಒತ್ತಬೇಕು. ದಪ್ಪ ಸದ್ದುಗಳಿಗೆ ಒತ್ತಿದರು. ಸದ್ದು ತೆಳುವಾಗುತ್ತ ಹೋದ ಹಾಗೆ ಬೆರಳು ಸುಮ್ಮನಾಯಿತು. ಆಮೇಲೆ ಕೇಳಿಸದಿದ್ದರೂ ಸುಮ್ಮಸುಮ್ಮನೆ ಒತ್ತತೊಡಗಿದರು. ಪರೀಕ್ಷೆಯಲ್ಲೂ ಕಾಪಿ ಹೊಡೆಯುವ ಬುದ್ಧಿ ಎಂದು ಕಿವಿಡಾಕ್ಟರ ಗಾಜಿನ ಈಚೆ ಕೂತು ತಿರಸ್ಕಾರದಿಂದ ನೋಡಿದ. ಗ್ರಾಫಿನ ಗೆರೆ ಸ್ವಲ್ಪ ದೂರ ನೆಟ್ಟಗೆ ಹೋಗಿ ಆಮೇಲೆ ಬಾವಿಗೆ ಬಿದ್ದಂತೆ ಬಿದ್ದಿತ್ತು. ಲಾರಿ ಕೇಳಿಸುತ್ತದೆ, ಬಾಗಿಲು ಬಡಿದರೆ ಕೇಳಿಸುತ್ತದೆ, ಹೆಂಗಸರ ಮೆಲುದನಿ ಅರ್ಧಂಬರ್ಧ, ಹಕ್ಕಿ ಪಕ್ಕಿ ಏನೂ ಇಲ್ಲ.

ಭಾವ ಹೊರಗೆ ಬಂದು ಕೂತರು. ಮೌನವ್ರತ ಎಲ್ಲೋ ಹೋಗಿತ್ತು. "ಹಕ್ಕಿ ಕೇಳಿಸುತ್ತೇನಯ್ಯ?" ಎಂದರು. "ಹಕ್ಕಿ ಕೇಳಿಸೋದಾದ್ರೆ ಹಾಕು. ಇಲ್ಲದಿದ್ರೆ ನನಗೆ ಇದು ಬೇಡ."

"ಕೇಳಿಸುತ್ತೆ ಕೇಳಿಸುತ್ತೆ," ಎಂದ ಕಿವಿಡಾಕ್ಟರ.

ಹೆಂಡತಿಯ ಮಾತು ಕೇಳಿಸುತ್ತದೆಯೇ ಎಂದು ಬಾಯಿತಪ್ಪಿಯಾದರೂ ವಿಚಾರಿಸಲಿಲ್ಲವಲ್ಲ ಎಂದು ಅವನಿಗೆ ರಕ್ತ ಕುದಿಯಿತು. ಆ ಸಿಟ್ಟಿನಲ್ಲೇ ಅವನು ಆ ಕೆಲಸ ಮಾಡಿದ್ದು.

ಕಿವಿ ಮೆಷಿನ್ನುಗಳಿಗೆ ಒಂದು ರೋಗವಿದೆ. ಕಿವಿಯೊಳಗೆ ಹೋದ ಸದ್ದು ಸಂದಿಯಿಂದ ಸೋರಿ ಮತ್ತೆ ಮೆಷಿನ್ನಿನ ಮೈಕಿಗೇ ಬಿದ್ದರೆ ಅದು ಕುಂಯ್ ಎಂದು ಸಿಳ್ಳೆ ಹೊಡೆಯುತ್ತದೆ. ಅದನ್ನು ತಡೆಯಲು ಒಳಗೆ ಒಂದು ಕಾವಲು ಇಟ್ಟಿರುತ್ತಾರೆ. ತೆಳ್ಳಗೆ ಸಿಳ್ಳೆಯಂಥ ಸದ್ದು ಎಲ್ಲಿ ಬಂದರೂ ಅದನ್ನು ಹಿಡಿದು ಅಳಿಸಿಹಾಕುವುದು ಅದರ ಕೆಲಸ. ಆ ಕಾವಲಿಗೆ ಬುದ್ಧಿಯಿಲ್ಲ. ಅದಕ್ಕೆ ಮೆಷಿನ್ನಿನ ಸಿಳ್ಳೆಯೂ ಒಂದೇ, ಮರದ ಮೇಲಿನ ಹಕ್ಕಿಯೂ ಒಂದೇ. ಇದು ಕಿವಿಡಾಕ್ಟರನಿಗೆ ಗೊತ್ತಿಲ್ಲದ್ದೇನಲ್ಲ. ಸಂಗೀತ ಕೇಳುವವರಿಗೆ, ತೋಟದಲ್ಲಿ ಕೂರುವವರಿಗೆ ಅವನೇ ಅದನ್ನು ಇಳಿಸಿ ಕೊಡುತ್ತಿದ್ದ, ಆಗೊಮ್ಮೆ ಈಗೊಮ್ಮೆ ಕುಂಯ್ ಎಂದರೆ ಸಹಿಸಿಕೊಳ್ಳಿ ಎಂದು ಹೇಳಿ ಕಳಿಸುತ್ತಿದ್ದ. ಭಾವನ ಮೆಷಿನ್ನಿನಲ್ಲಿ ಮಾತ್ರ ಕಾವಲನ್ನು ಪೂರ್ತಿ ಏರಿಸಿದ, ಉಳಿದ ಬಲವನ್ನೆಲ್ಲ ಹೆಂಗಸಿನ ದನಿಯ ಕಡೆಗೆ ತಿರುಗಿಸಿದ. ಅಕ್ಕನ ಮಾತು ಗಂಟೆ ಹೊಡೆದಂತೆ ಕೇಳಲಿ. ಹಕ್ಕಿ ಕೇಳಿಸಿ ಯಾರ ಹೊಟ್ಟೆ ತುಂಬಬೇಕಾಗಿದೆ? ನಾಳೆ ಪಾರ್ಕಿನಲ್ಲಿ ಇವರ ಬೇಳೆ ಬೇಯದಿದ್ದರೆ ಇನ್ನೂ ಒಳ್ಳೆಯದೇ.

"ಈಗ ಕೇಳಿಸ್ತಾ ಇದೆಯಾ, ಭಾವಾ?" ಎಂದು ಬೆನ್ನ ಹಿಂದೆ ನಿಂತು ಪಿಸುಗುಟ್ಟಿದ.

ಭಾವ ಬೆಚ್ಚಿ ತಿರುಗಿದರು. ಕೆಳಗಿನ ಅಂಗಡಿಯಲ್ಲಿ ಯಾರೋ ಕೆಮ್ಮಿದ್ದು, ಗೋಡೆಯ ಗಡಿಯಾರ ಟಿಕ್ ಎಂದದ್ದು, ತಮ್ಮದೇ ಅಂಗಿ ಸರಬರ ಎಂದದ್ದು, ಎಲ್ಲಕ್ಕೂ ಕತ್ತು ತಿರುಗಿಸಿ ನೋಡಿದರು. "ಎಲ್ಲಾ ಇದೆಯಲ್ಲಯ್ಯ ಇನ್ನೂ," ಎಂದರು. ಕಿವಿಡಾಕ್ಟರನಿಗೆ ಒಂದು ಕ್ಷಣ ಕರುಳು ಚುರ್ ಎಂದಿತು. ಒಂದೇ ಕ್ಷಣ.

ಮರುದಿನ ಬೆಳಗ್ಗೆ ಅವನು ಎಲ್ಲರಿಗಿಂತ ಮೊದಲು ಪಾರ್ಕಿನಲ್ಲಿದ್ದ. ಇಂಥ ನಾಟಕಕ್ಕೆ ಮುಂದಿನ ಸಾಲಿನ ಜಾಗ ತಪ್ಪಿಸಿಕೊಳ್ಳುವುದುಂಟೆ? ಭಾವ ಬಂದರು, ಕೂದಲು ಬಾಚಿ ಮೆಷಿನ್ ಮರೆಮಾಡಿಕೊಂಡಿದ್ದರು. ಅಕ್ಕ ಹಿಂದೆ ಬಂದಳು. ಅವಳ ಮುಖದಲ್ಲಿ ಅವನು ನಿರೀಕ್ಷಿಸಿದ್ದ ಸಂತೋಷ ಇರಲಿಲ್ಲ.

"ಏನಕ್ಕಾ, ಈಗ ಗೋಡೆ ಮಾತಾಡುತ್ತಾ?" ಎಂದ.

"ಮಾತಾಡುತ್ತೆ ಮಾತಾಡುತ್ತೆ. ಪಾತ್ರೆ ಸದ್ದು ಮಾಡಬೇಡ, ಚಪ್ಪಲಿ ಎಳೀಬೇಡ, ನೀನು ಅನ್ನ ಅಗಿಯೋದು ಕೇಳಿಸುತ್ತೆ. ನಿನ್ನೆ ಸಂಜೆಯಿಂದ ಇದೇ," ಎಂದಳು ಅಕ್ಕ. "ನನ್ನನ್ನ ಒಂದು ಮಾತು ಕೇಳದೆ ಯಾಕೋ ಹೀಗೆ ಮಾಡಿದೆ?"

ಉತ್ತರ ಕೊಡುವಷ್ಟರಲ್ಲಿ ಭಾವ ಮರದ ಬುಡ ಸೇರಿದ್ದರು. ಅಕ್ಕ ಓಡಿಹೋಗಿ ಪಕ್ಕದಲ್ಲಿ ನಿಂತು ಎಂದಿನಂತೆ ಮುಂದೋಳು ಹಿಡಿದಳು. ಎಲ್ಲರೂ ಕಣ್ಣು ಮುಚ್ಚಿದರು. ಭಾವ ಕಾದರು. ಈ ಸಲ ಅವರ ಮುಖ ನೋಡುವಂತಿತ್ತು, ಮೊದಲ ಸಲ ಬಸ್ಸು ಹತ್ತಿದ ಮಗುವಿನ ಮುಖ. ಎಲೆ ಅಲುಗಿತು, ಅವರು ಹಿಗ್ಗಿದರು. ಯಾರದೋ ಬೂಟು ಮರಳಿನ ಮೇಲೆ ಕಿರುಗುಟ್ಟಿತು, ಅದಕ್ಕೂ ಹಿಗ್ಗಿದರು. ಟೈಲ್ಸ್ ಅಂಗಡಿಯವನು ಪಕ್ಕದವನಿಗೆ, "ಬೇಗ ಮುಗಿದ್ರೆ ಸಾಕಪ್ಪ, ಹೊಟ್ಟೆ ಚುರುಗುಡ್ತಿದೆ," ಎಂದು ಪಿಸುಗುಟ್ಟಿದ. ಭಾವನ ಹುಬ್ಬು ಗಂಟಾಯಿತು.

ಆಗ ಹಕ್ಕಿ ಕೂಗಿತು. ತುದಿಯ ಕೊಂಬೆಯಲ್ಲಿ ಕೂತು, ಸಣ್ಣಗೆ, ಉದ್ದಕ್ಕೆ, ನಡುನಡುವೆ ಕೊಂಚ ಕುಲುಕಿ ಕೂಗಿತು. ಕಿವಿಡಾಕ್ಟರ ಆಗ ನೋಡಿದ. ಮುಂದಿನ ಸಾಲಿನಲ್ಲಿ ನಿಂತದ್ದರಿಂದ ನೋಡಿದ. ಅಕ್ಕನ ಬೆರಳುಗಳು ಭಾವನ ಮುಂದೋಳಿನ ಮೇಲೆ ಓಡಾಡುತ್ತಿದ್ದವು. ಹಕ್ಕಿ ದನಿ ಎಳೆದಾಗ ತೋರುಬೆರಳು ಮೊಣಕೈಯ ಕಡೆಗೆ ಉದ್ದಕ್ಕೆ ಜಾರಿತು, ಕುಲುಕಿದಾಗ ತುದಿಬೆರಳುಗಳು ತಟ್ಟಿದವು, ನಿಂತಾಗ ಅಂಗೈ ಸುಮ್ಮನೆ ಒತ್ತಿ ನಿಂತಿತು. ಅವಳ ಕಣ್ಣು ಮುಚ್ಚಿತ್ತು. ಅಷ್ಟು ಮನಸ್ಸಿಟ್ಟು ಏನನ್ನಾದರೂ ಮಾಡುತ್ತಿರುವವರನ್ನು ಅವನು ಎಲ್ಲೂ ನೋಡಿರಲಿಲ್ಲ.

ರೆಪ್ಪೆಯ ಸಂದಿಯೂ ಇಲ್ಲ, ದಂತವೈದ್ಯೆಯ ಹುಬ್ಬೂ ಇಲ್ಲ. ಅವರು ಕೇಳುತ್ತಿದ್ದದ್ದು ಅಕ್ಕನ ಬೆರಳುಗಳನ್ನು.

"ಏನದು?" ಎಂದರು ಭಾವ, ಕಣ್ಣು ಬಿಟ್ಟು.

ಅಕ್ಕ ಮೇಲೆ ನೋಡುವಂತೆ ಸನ್ನೆ ಮಾಡಿ ಮತ್ತೆ ಬೆರಳಾಡಿಸಿದಳು.

"ಎಲ್ಲಿ? ಎಲ್ಲಿ ಕೂಗ್ತಿದೆ?"

"ಮೇಲೇ ಇದೆಯಲ್ಲ ರೀ. ಅಗೋ, ಈಗ ಮತ್ತೆ."

ಭಾವ ತಲೆ ಓರೆ ಮಾಡಿ ಆಲಿಸಿದರು. ಎಲೆ ಕೇಳಿಸುತ್ತಿತ್ತು, ಕೆರೆಯಾಚೆ ಹೋಗುವ ಸೈಕಲ್ಲಿನ ಸರಪಳಿ ಕೇಳಿಸುತ್ತಿತ್ತು, ದಂತವೈದ್ಯೆಯ ಹೊಟ್ಟೆ ಗುರುಗುಡುವುದೂ ಕೇಳಿಸುತ್ತಿತ್ತು. ಹಕ್ಕಿ ಇರಲಿಲ್ಲ. ಪಿಸುಮಾತನ್ನೂ ಬಿಡದ ಮೆಷಿನ್ನು ಹಕ್ಕಿಯೊಂದನ್ನು ಬಿಟ್ಟೀತೇ? ಅವರ ಮುಖ ನಿಧಾನವಾಗಿ ಕಪ್ಪಿಟ್ಟಿತು. ಅಕ್ಕನ ಕೈಯನ್ನು ತೋಳಿನಿಂದ ಕಿತ್ತು ಬಿಸಾಡಿದರು.

"ಸುಳ್ಳು!" ಎಂದರು. ಆ ಗಂಟಲಿಗೆ ಮೆಲ್ಲಗೆ ಹೇಳಲು ಬರುತ್ತಿರಲಿಲ್ಲ, ಇಡೀ ಪಾರ್ಕಿಗೆ ಕೇಳಿಸಿತು. "ಏನೂ ಇಲ್ಲ ಅಲ್ಲಿ! ಇಷ್ಟು ವರ್ಷ ನನ್ನ ತೋಳಿನ ಮೇಲೆ ಕಾಗೆ ಹಾರಿಸ್ತಾ ಇದ್ದೆಯಾ ನೀನು? ನಾನು ಕಿವುಡ ಅಂತ, ಬಾಯಿಗೆ ಬಂದ ಹಾಗೆ ಗೀಚ್ತಾ ಇದ್ದೆಯಾ?"

"ಗುರುಗಳೇ, ಹಕ್ಕಿ ಕೂಗ್ತಾ ಇದೆಯಲ್ಲ," ಎಂದಳು ದಂತವೈದ್ಯೆ, ದಿಕ್ಕುತೋಚದೆ.

ಭಾವ ಅವಳ ಕಡೆಗೆ ತಿರುಗಿದರು. "ನೀವೂನಾ? ನೀವೆಲ್ಲರೂನಾ? ನನ್ನ ಹಾಗೇ ನೀವೂ ನಾಟಕ ಆಡ್ತಿದ್ದಿರಾ? ಯಾರಿಗೂ ಏನೂ ಕೇಳಿಸ್ತಾ ಇರಲಿಲ್ವಾ ಇಲ್ಲಿ?"

ಕಳ್ಳನಿಗೆ ಊರೆಲ್ಲ ಕಳ್ಳರೇ ಕಂಡದ್ದರಲ್ಲಿ ಆಶ್ಚರ್ಯವಿರಲಿಲ್ಲ. ಸಂತರ ಬಣ್ಣ ಅವರದೇ ಬಾಯಿಂದ, ಎಲ್ಲರ ಎದುರಿಗೆ ಬಯಲಾಗಿತ್ತು. ಕಿವಿಡಾಕ್ಟರ ಬಯಸಿದ್ದಕ್ಕಿಂತ ಚೆನ್ನಾಗಿಯೇ ಆಗಿತ್ತು. ಆದರೆ ಅವನಿಗೆ ಸವಿಯಲು ಆಗಲಿಲ್ಲ, ಯಾಕೆಂದರೆ ಜನ ನೋಡುತ್ತಿದ್ದದ್ದು ಭಾವನನ್ನಲ್ಲ, ಅಕ್ಕನನ್ನು. ಗಂಡನ ಕಣ್ಣಿಗೆ ಮಣ್ಣೆರಚಿದವಳನ್ನು ನೋಡುವ ಹಾಗೆ ನೋಡುತ್ತಿದ್ದರು. ಅವಳು ಕಿತ್ತೆಸೆದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ಅವನನ್ನು ಸಾಕಿ ಬೆಳೆಸಿದ ಆ ಮುಖದಲ್ಲಿ ಅಂಥ ಅವಮಾನವನ್ನು ಅವನು ಎಂದೂ ಕಂಡಿರಲಿಲ್ಲ.

ಸುಮ್ಮನಿದ್ದುಬಿಡಬಹುದಿತ್ತು. ಮೆಷಿನ್ನಿನ ಒಳಗುಟ್ಟು ಅಲ್ಲಿ ಅವನೊಬ್ಬನಿಗೇ ಗೊತ್ತಿದ್ದದ್ದು. ಬಾಯಿಬಿಟ್ಟರೆ ಅಂಗಡಿಯ ಹೆಸರಿಗೆ ಮಸಿ, ಬೇಕೆಂದೇ ತಪ್ಪಾಗಿ ಕೂರಿಸಿದವನ ಹತ್ತಿರ ನಾಳೆ ಯಾರು ಬರುತ್ತಾರೆ? ಒಂದಷ್ಟು ಹೊತ್ತು ಅವನು ಸುಮ್ಮನೆ ಇದ್ದ ಕೂಡ. ಇದನ್ನೂ ಹೇಳಿಬಿಡಬೇಕು, ಬಚ್ಚಿಟ್ಟು ಪ್ರಯೋಜನವಿಲ್ಲ.

"ಅಕ್ಕ ಸುಳ್ಳು ಹೇಳ್ತಿಲ್ಲ ಭಾವಾ," ಎಂದ ಕೊನೆಗೆ. "ನಾನೇ ಹಾಗೆ ಮಾಡಿದ್ದು. ನಿಮ್ಮ ಮೆಷಿನ್ ಹಕ್ಕಿ ದನೀನ ಅಳಿಸಿಬಿಡೋ ಹಾಗೆ ಇಟ್ಟಿದ್ದೆ."

"ಯಾಕೆ?"

ಯಾಕೆ ಎಂಬುದಕ್ಕೆ ನಿನ್ನೆ ಅಷ್ಟೊಂದು ಕಾರಣಗಳಿದ್ದವು. ಕಿವಿಡಾಕ್ಟರ ಮೊಬೈಲ್ ತೆಗೆದು, ಮೆಷಿನ್ ತಿದ್ದುವ ಆ್ಯಪಿನಲ್ಲಿ ಕಾವಲನ್ನು ಪೂರ್ತಿ ಇಳಿಸಿದ. ಭಾವನ ಕಿವಿಯಲ್ಲಿ ಕುಂಯ್ ಎಂದಿತು, ಅವರು ಮುಖ ಸಿಂಡರಿಸಿದರು. ಅದರ ಬೆನ್ನಿಗೇ ಮರಕ್ಕೆ ಮರವೇ ಅವರ ತಲೆಯೊಳಗೆ ಇಳಿದಿರಬೇಕು. ಬಾಯಿ ತೆರೆದವರು ತೆರೆದ ಹಾಗೇ ನಿಂತರು. ಆಮೇಲೆ ಮಗುವಿನ ಹಾಗೆ ಗೊಳೋ ಎಂದು ಅತ್ತರು.

ಅಷ್ಟೇ ಸಾಕಾಯಿತು ಹಿಂಡಿಗೆ. ಕಿವುಡ ಸಂತನಿಗೆ ಮರದ ಕೆಳಗೆ ಕಿವಿ ಬಂದದ್ದು ಅವರ ಪಾಲಿಗೆ ಪವಾಡವಾಯಿತು. ಇಷ್ಟು ದಿನ ಕಿವಿಯಿಲ್ಲದೆಯೇ ಕೇಳುತ್ತಿದ್ದರಲ್ಲ ಎಂದು ಟೈಲ್ಸ್ ಅಂಗಡಿಯವನು ಕೈಮುಗಿದ. ದಂತವೈದ್ಯೆ ಬಿಕ್ಕಿದಳು. ಒಂದು ಕ್ಷಣದ ಹಿಂದೆ ಇದೇ ಮನುಷ್ಯ ತಮ್ಮನ್ನೆಲ್ಲ ನಾಟಕದವರು ಎಂದದ್ದು ಯಾರಿಗೂ ನೆನಪಿರಲಿಲ್ಲ. ಭಾವನಿಗೂ ಇರಲಿಲ್ಲ. "ಅಗೋ ಅಲ್ಲೊಂದು! ಇನ್ನೊಂದು ಇಲ್ಲಿ!" ಎನ್ನುತ್ತ ಅವರು ಕೆರೆಯ ಅಂಚಿನುದ್ದಕ್ಕೂ ಮರದಿಂದ ಮರಕ್ಕೆ ಓಡಿದರು, ಹಿಂಡೂ ಹಿಂದೆ ಓಡಿತು. ಹೆಂಡತಿಯ ಕಡೆಗೆ ತಿರುಗಿಯೂ ನೋಡಲಿಲ್ಲ. ಅವರನ್ನು ಕುರಿತು ಕಿವಿಡಾಕ್ಟರನ ಅಭಿಪ್ರಾಯ ಬದಲಾಗಲು ಕಾರಣವೇ ಸಿಗಲಿಲ್ಲ.

ಅಕ್ಕ ಬೆಂಚಿನ ಮೇಲೆ ಕೂತಳು. ಅವನು ಹೋಗಿ ಪಕ್ಕದಲ್ಲಿ ಕೂತ.

"ಸರಿಹೋಯ್ತಲ್ಲಕ್ಕಾ ಈಗ," ಎಂದ. "ಇನ್ನು ನಿನ್ನ ಮಾತೂ ಕೇಳಿಸುತ್ತೆ, ಹಕ್ಕೀನೂ ಕೇಳಿಸುತ್ತೆ."

"ಹೂಂ."

"ಭಾವ ಆಮೇಲೆ ನಿನ್ನ ಹತ್ತಿರ ಕ್ಷಮೆ ಕೇಳ್ತಾರೆ ಬಿಡು. ಕೇಳದಿದ್ರೆ ನಾನು ಕೇಳಿಸ್ತೀನಿ."

"ನೀನು ಇನ್ನೇನೂ ಮಾಡಬೇಡ ಕಣೋ," ಎಂದಳು ಅಕ್ಕ.

ಆಮೇಲೆ ಮರದ ಕಡೆ ನೋಡುತ್ತ ಹೇಳಿದಳು. "ಕಿವಿ ಹೋಗಿದ್ದು ಅವರಿಗೆ ಗೊತ್ತಾಗಿದ್ದು ಇಲ್ಲೇ. ಇದೇ ಮರದ ಕೆಳಗೆ. ಹಕ್ಕಿ ಬಾಯಿ ಆಡಿಸೋದು ಕಾಣುತ್ತೆ, ದನಿ ಬರ್ತಿಲ್ಲ ಅಂತ ಹೆದರಿಬಿಟ್ರು. ನನಗೆ ಏನು ಹೇಳಬೇಕೋ ತೋಚಲಿಲ್ಲ. ತೋಳಿನ ಮೇಲೆ ಹಾಗೇ ಬೆರಳಲ್ಲಿ ಹೇಳಿದೆ. ಅವರು ಉಸಿರು ಬಿಗಿಹಿಡಿದು ಕೇಳಿದ್ರು. ಮದುವೆಯಾದಾಗಿಂದ ನಾನು ಹೇಳಿದ್ದು ಯಾವುದನ್ನೂ ಅವರು ಹಾಗೆ ಕೇಳಿರಲಿಲ್ಲ ಕಣೋ, ಕಿವಿ ಚೆನ್ನಾಗಿದ್ದಾಗಲೂ ಕೇಳಿರಲಿಲ್ಲ."

ಅವನು ಮೊಬೈಲನ್ನು ಜೇಬಿಗೆ ಹಾಕಿಕೊಂಡ.

"ನನಗೆ ಪ್ರಾರ್ಥನೆ ಗೀರ್ಥನೆ ಮಾಡೋಕೆ ಬರಲ್ಲ. ಬಾಯಿ ತೆರೆದ್ರೆ ಹಾಲು, ಸೊಪ್ಪು, ಇಸ್ತ್ರಿ ಬಟ್ಟೆ, ಇವೇ ಬರೋದು. ಇಲ್ಲಿ ನಿಂತು ಹಕ್ಕಿ ಹೇಳಿದ್ದನ್ನ ಹಾಗೇ ಅವರಿಗೆ ದಾಟಿಸೋವಾಗ ಮಾತ್ರ, ನನಗೂ ದೇವರ ಹತ್ತಿರ ಮಾತಾಡೋಕೆ ಬಂದ ಹಾಗೆ ಆಗ್ತಿತ್ತು. ವಾರಕ್ಕೆ ಒಂದು ದಿನ."

"ನನಗೆ ಹೇಳಬಾರದಾಗಿತ್ತಾ ಅಕ್ಕಾ?"

"ಹೇಳಿದ್ರೆ ನೀನು ನಗ್ತಿದ್ದೆ."

ನಗುತ್ತಿದ್ದ. ಖಂಡಿತ ನಗುತ್ತಿದ್ದ. ನಾಲ್ಕು ಜನರಿಗೆ ಹೇಳಿ ಅವರನ್ನೂ ನಗಿಸುತ್ತಿದ್ದ.

ಅಷ್ಟರಲ್ಲಿ ದೂರದಿಂದ ಭಾವನ ಗಂಟಲು ಕೇಳಿಸಿತು. ಜನರನ್ನು ಮತ್ತೆ ನಿಲ್ಲಿಸಿಕೊಂಡು ಸ್ತೋತ್ರ, ಸೃಷ್ಟಿ ಎಂದು ಶುರು ಮಾಡಿದ್ದರು. ಈಗ ಸ್ವಂತ ಕಿವಿಯಿಂದ ಕೇಳಿ ಹೇಳುತ್ತಿದ್ದರು, ಹಿಂದಿನಷ್ಟು ಚೆನ್ನಾಗಿರಲಿಲ್ಲ. ಇಳಿಯುವ ಕಡೆ ಏರಿತು ಎನ್ನುತ್ತಿದ್ದರು, ನಿಲ್ಲುವ ಕಡೆ ನಿಲ್ಲುತ್ತಿರಲಿಲ್ಲ. ಅಲ್ಲಿದ್ದ ಯಾರಿಗೂ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ಅಕ್ಕ ಒಮ್ಮೆ ಮುಖ ಕಿವುಚಿದಳು, ಅಷ್ಟೆ. ಎದ್ದು ಸೆರಗು ಸರಿಮಾಡಿಕೊಂಡು, ಗುಂಪಿನ ಕಡೆ ಹೋಗದೆ ಪಾರ್ಕಿನ ಗೇಟಿನ ದಾರಿ ಹಿಡಿದಳು.

"ಎಲ್ಲಿಗೆ ಅಕ್ಕಾ? ಕೂತ್ಕೋ. ನಾವಿಬ್ಬರೇ ಕೇಳೋಣ," ಎಂದ ಅವನು. ಹೇಳಿದ ಮೇಲೆ ಅವನಿಗೇ ನಾಚಿಕೆಯಾಯಿತು.

ಅಕ್ಕ ನಿಂತು ತಿರುಗಿ ನೋಡಿದಳು. ಚಿಕ್ಕವನಿದ್ದಾಗ ಅವನು ಊಟಕ್ಕೆ ಹಟ ಮಾಡುತ್ತಿದ್ದ ದಿನಗಳಲ್ಲೂ ಅವಳು ಅವನನ್ನು ಅಷ್ಟು ಬೇಸತ್ತು ನೋಡಿರಲಿಲ್ಲ.

"ನೀನು ಕೇಳು," ಎಂದಳು. "ನಿನ್ನ ಕಿವಿ ಮೊದಲಿಂದಲೂ ಚೆನ್ನಾಗೇ ಇದೆಯಲ್ಲ."

ಅವಳು ಗೇಟು ದಾಟಿ ಹೋದಳು. ಕಿವಿಡಾಕ್ಟರ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತ. ಹಕ್ಕಿ ಇನ್ನೂ ಕೂಗುತ್ತಿತ್ತು. ಅವನು ಹಟ ಹಿಡಿದು ಬಹಳ ಹೊತ್ತು ಕೇಳಿದ. ಎಷ್ಟು ಕೇಳಿದರೂ ಅದು ಬರೀ ಹಕ್ಕಿಯ ಕೂಗಾಗಿಯೇ ಉಳಿಯಿತು.